ಮಡಿಕೇರಿಯ ಎತ್ತರಕ್ಕೆ ಸಲ್ಲದ ಹಸಿರು ಪಟ್ಟಿ: ವ್ಯಾಕ್ಯೂಮ್ ಗೇಜ್ ಬಳಸಿದ ಅನುಭವ

ಎಂಜಿನ್ ಗಾಳಿ ಎಳೆಯುವಾಗ ಉಂಟಾಗುವ ನಿರ್ವಾತವನ್ನು ಅಳೆಯುವ ಈ ಗೇಜ್‌ನ ಮುಳ್ಳು ಚುರುಕಾಗಿದೆ, ಬೆಲೆಯೂ ಕೈಗೆಟುಕುತ್ತದೆ. ಆದರೆ ಮುಖದ ಮೇಲೆ ಬಳಿದಿರುವ ಹಸಿರು ಪಟ್ಟಿಯನ್ನು ಕೊಡಗಿನಲ್ಲಿ ಯಾರೂ ನಂಬಬಾರದು. ಕಾರ್ಬುರೇಟರ್ ಇರುವ ಹಳೆಯ ಮಾರುತಿ 800ರ ಮಿಕ್ಸ್ಚರ್, ಅಂದರೆ ಪೆಟ್ರೋಲ್-ಗಾಳಿಯ ಮಿಶ್ರಣ, ಹೊಂದಿಸಲೆಂದೇ ಈ ಗೇಜ್ ಕೊಂಡೆ. ಹಲವು ಮಳೆಗಾಲ ಕಳೆದರೂ ಆ ಪಟ್ಟಿಯ ಮೇಲಿನ ಸಿಟ್ಟು ಇಳಿದಿಲ್ಲ.

ಪಟ್ಟಿ ಇರುವುದು ಪಾದರಸದ 17ರಿಂದ 21 ಇಂಚಿನವರೆಗೆ. ಎಂಜಿನ್ ಸರಿಯಿದ್ದರೆ ಐಡಲಿಂಗ್‌ನಲ್ಲಿ (ಕಾರು ನಿಂತಲ್ಲೇ ಎಂಜಿನ್ ಓಡುವಾಗ) ಮುಳ್ಳು ಅಲ್ಲಿಯೇ ನಿಲ್ಲಬೇಕು ಎನ್ನುತ್ತದೆ ಜೊತೆಗೆ ಬಂದ ಚೀಟಿ. ಅದು ಸಮುದ್ರದ ಮಟ್ಟದಲ್ಲಿರುವ ಮಂಗಳೂರಿಗೆ ಸರಿ. ಪ್ರತಿ ಸಾವಿರ ಅಡಿ ಏರಿದಂತೆ ಸುಮಾರು ಒಂದು ಇಂಚು ಇಳಿಯುತ್ತದೆ, ಮಡಿಕೇರಿ ಇರುವುದು 3,800 ಅಡಿಯ ಆಸುಪಾಸಿನಲ್ಲಿ. ಇಲ್ಲಿ 15 ತೋರಿಸುವ ಎಂಜಿನ್‌ಗೆ ಯಾವ ಕಾಯಿಲೆಯೂ ಇಲ್ಲ. ಇಷ್ಟನ್ನು ಒಂದು ಸಾಲಿನಲ್ಲಿ ಅಚ್ಚು ಹಾಕಿಸಲು ತಯಾರಕರಿಗೆ ಏನು ಕಷ್ಟವಿತ್ತು? ಹಸಿರು ಮುಟ್ಟಿಸಲೇಬೇಕೆಂದು ಇಗ್ನಿಷನ್ ಟೈಮಿಂಗ್ ಬದಲಿಸಿ ಪ್ಲಗ್‌ನ ಕಿಡಿ ಬೇಗ ಹಾರುವಂತೆ ಮಾಡಿದರೆ ಮುಳ್ಳು ಏರುತ್ತದೆ ನಿಜ, ಆದರೆ ಸಂಪಾಜೆ ಘಾಟಿ ಹತ್ತುವಾಗ ಎಂಜಿನ್ ಕಟಕಟನೆ ಬಡಿಯತೊಡಗುತ್ತದೆ. ಪಟ್ಟಿಯ ಮೇಲೆ ಬಿಳಿ ಟೇಪ್ ಅಂಟಿಸಿಬಿಟ್ಟೆ.

ಅಂಕಿ ಬಿಟ್ಟು ಮುಳ್ಳಿನ ನಡೆಯನ್ನಷ್ಟೇ ನೋಡತೊಡಗಿದ ಮೇಲೆ ಗೇಜ್ ಇಷ್ಟವಾಯಿತು. ಭಾನುವಾರ ಬೆಳಿಗ್ಗೆ ಕಾಫಿ ಕುಡಿದು, ಕುಶಾಲನಗರದ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಎಂಜಿನ್ ಚೆನ್ನಾಗಿ ಬಿಸಿ ಮಾಡಿಕೊಂಡು ಬರುತ್ತೇನೆ. ನಮ್ಮ ಚಳಿಗೆ ಎಳೆದಿದ್ದ ಚೋಕ್ ಪೂರ್ತಿ ಒಳಗೆ ಹೋಗಿದೆಯೇ ಎಂದು ನೋಡಿ, ಎಂಜಿನ್‌ಗೆ ಮಿಶ್ರಣ ಒಯ್ಯುವ ಇನ್‌ಟೇಕ್ ಮ್ಯಾನಿಫೋಲ್ಡ್‌ನ ನಳಿಗೆಗೆ ಗೇಜ್ ಸಿಕ್ಕಿಸುತ್ತೇನೆ. ಮಿಕ್ಸ್ಚರ್ ಸ್ಕ್ರೂವನ್ನು ಕಾಲು ಸುತ್ತು ಒಳಗೆ ತಿರುಗಿಸಿ ಕೈ ತೆಗೆದು ಕಾಯಬೇಕು. ಪೆಟ್ರೋಲ್ ಸಾಲದಾದಾಗ ಮುಳ್ಳು ನಡುಗುತ್ತ ಜಾರುತ್ತದೆ, ಸದ್ದಿನ ತಾಳವೂ ತಪ್ಪುತ್ತದೆ. ಹೊರಗೆ ತಿರುಗಿಸುತ್ತ ಬಂದರೆ ಮೇಲೇರಿ ನಿಂತು, ಇನ್ನೂ ತಿರುಗಿಸಿದರೆ ಮೆಲ್ಲಗೆ ಕುಸಿಯುತ್ತದೆ. ಸೈಲೆನ್ಸರ್ ಹಿಂದೆ ಹಸಿ ಪೆಟ್ರೋಲ್ ವಾಸನೆ ಹೊಡೆಯುತ್ತದೆ. ಅತಿ ಮೇಲೆ, ಅಲುಗದೆ ನಿಂತ ಜಾಗವೇ ಸರಿಯಾದದ್ದು. ಅದು ಸಿಕ್ಕಾಗ ಬಾನೆಟ್ ಮೇಲೆ ಇಟ್ಟ ಅಂಗೈಗೂ ಗೊತ್ತಾಗುತ್ತದೆ, ಅದುರು ಅಷ್ಟು ಕಡಿಮೆಯಾಗಿರುತ್ತದೆ. ಐಡಲಿಂಗ್ ಇಳಿಸಿ ಇನ್ನೊಮ್ಮೆ ಇದನ್ನೇ ಮಾಡುತ್ತೇನೆ.

ಸ್ಕ್ರೂ ಪೂರ್ತಿ ಮುಚ್ಚಿ ಒಂದೂವರೆ ಸುತ್ತು ಬಿಚ್ಚಿದರೆ ಸಾಕು ಎಂಬ ಹಳೆಯ ಲೆಕ್ಕವನ್ನು ಆರಂಭಕ್ಕಷ್ಟೇ ಇಟ್ಟುಕೊಂಡಿದ್ದೇನೆ. ಎತ್ತರದ ತೆಳು ಗಾಳಿಯಲ್ಲಿ ಪೆಟ್ರೋಲಿನ ಪಾಲು ಹೆಚ್ಚಾಗುತ್ತದೆ. ಈಗ ಬಂಕ್‌ನಲ್ಲಿ ಸಿಗುವ ಶೇ 20 ಎಥನಾಲ್ ಬೆರೆತ ಇಂಧನ ಮಿಶ್ರಣವನ್ನು ತೆಳುವಾಗಿಸುತ್ತದೆ. ಇವೆರಡರ ನಡುವಿನ ಹದ ಯಾವ ಲೆಕ್ಕಕ್ಕೂ ಸಿಗದು, ಮುಳ್ಳಿಗೆ ಸಿಗುತ್ತದೆ. ಪೇಟೆಯಲ್ಲೇ ಓಡಾಡುವ ನನ್ನ ಕಾರಿನ ಪ್ಲಗ್‌ಗಳು ಮೊದಲು ಮಸಿ ಹಿಡಿಯುತ್ತಿದ್ದವು, ಈಗ ತಿಳಿಗಂದು ಬಣ್ಣಕ್ಕಿವೆ. ಇಷ್ಟಾದರೂ ಹೊಗೆ ತಪಾಸಣೆಯನ್ನು ಬಿಡುವುದಿಲ್ಲ. ಇಂಥ ಹಳೆಯ ಕಾರುಗಳಿಗೆ ಕಾರ್ಬನ್ ಮಾನಾಕ್ಸೈಡ್ ಮಿತಿ ಶೇ 3, ಅದನ್ನು ಅಳೆಯುವುದು ಈ ಗೇಜ್‌ನಿಂದ ಆಗದು.

ಹೆದ್ದಾರಿಯ ಮೈಲೇಜ್‌ಗಾಗಿ ಇದನ್ನು ಕೊಳ್ಳಬೇಡಿ. ಈ ಸ್ಕ್ರೂವಿನ ಆಳ್ವಿಕೆ ಐಡಲಿಂಗ್ ಮತ್ತು ನಿಧಾನಗತಿಗೆ ಮುಗಿಯಿತು, ವೇಗದಲ್ಲಿ ಎಲ್ಲವೂ ಕಾರ್ಬುರೇಟರ್‌ನ ಮೇನ್ ಜೆಟ್ಟಿನ (ಪೆಟ್ರೋಲ್ ಬಿಡುವ ಮುಖ್ಯ ರಂಧ್ರದ) ಕೈಯಲ್ಲಿದೆ. ಜೊತೆಗೆ ಬರುವ ರಬ್ಬರ್ ನಳಿಗೆಯೂ ಕಳಪೆ, ನನ್ನದು ಬೇಗನೆ ಗಟ್ಟಿಯಾಗಿ ಬಿರಿಯಿತು. ಬಿರುಕಿನಿಂದ ಗಾಳಿ ಒಳಸೇರಿದರೆ ಮುಳ್ಳು ತೋರಿಸುವುದೆಲ್ಲ ಸುಳ್ಳು. ಕೊಂಡ ದಿನವೇ ಬಿಡಿಭಾಗದ ಅಂಗಡಿಯಿಂದ ಒಳ್ಳೆಯ ನಳಿಗೆ ತಂದು ಬದಲಿಸಿಕೊಳ್ಳಿ.