ಪಾಂಡಾಸ್ ಡಾಕ್ಯುಮೆಂಟೇಶನ್: ಎಚ್ಚರಿಕೆ ಇದೆ, ಇರಬೇಕಾದ ಜಾಗದಲ್ಲಿಲ್ಲ

ಪೈಥಾನ್‌ನಲ್ಲಿ ದಿನವಿಡೀ ಡೇಟಾ ತಿದ್ದುವವರಿಗೆ ಕೋಷ್ಟಕದ ಡೇಟಾ ನಿಭಾಯಿಸುವ ಪಾಂಡಾಸ್ ಲೈಬ್ರರಿಯ ಪರಿಚಯ ಬೇಕಿಲ್ಲ. ಅದರ ಡಾಕ್ಯುಮೆಂಟೇಶನ್‌ನಲ್ಲಿ ಅತಿ ಹೆಚ್ಚು ಕಾಡುವುದು ದಿನಾಂಕದ ವಿಷಯ.

ನಮ್ಮ ಬಿಲ್ಲುಗಳಲ್ಲಿ 03/04/2024 ಅಂದರೆ ಏಪ್ರಿಲ್ 3. ಕ್ರಮ ಯಾವುದೆಂದು ಹೇಳದೆ ದಿನಾಂಕವಾಗಿ ಓದಿಸಿದರೆ ಪಾಂಡಾಸ್ ಅದನ್ನು ಮಾರ್ಚ್ 4 ಎಂದು ಓದುತ್ತದೆ. ಕಾಲಂನಲ್ಲಿ ಎಲ್ಲ ದಿನಗಳೂ 12ರೊಳಗಿದ್ದರೆ ಎರರ್ ಬರುವುದೇ ಇಲ್ಲ, ತಿಂಗಳವಾರು ಮೊತ್ತ ಮಾತ್ರ ಅದಲುಬದಲಾಗಿರುತ್ತದೆ. 2.0 ಆವೃತ್ತಿಯಿಂದ ಮೊದಲ ದಿನಾಂಕ ನೋಡಿ ಫಾರ್ಮ್ಯಾಟ್ ಊಹಿಸಿ, ಅದನ್ನೇ ಇಡೀ ಕಾಲಂಗೆ ಹಚ್ಚುತ್ತದೆ. ಮುಂದೆ 13/04 ಸಿಕ್ಕಾಗ, ಪಠ್ಯವನ್ನು ದಿನಾಂಕವಾಗಿಸುವ ಟು_ಡೇಟ್‌ಟೈಮ್ ಫಂಕ್ಷನ್ ಎರರ್ ಕೊಟ್ಟು ನಿಲ್ಲುತ್ತದೆ; ಸಿಎಸ್‌ವಿ ಫೈಲು ಓದುವ ರೀಡ್_ಸಿಎಸ್‌ವಿ ಇಡೀ ಕಾಲಂ ಅನ್ನು ಪಠ್ಯವಾಗಿಯೇ ಬಿಟ್ಟು ಕೆಲಸ ಮುಗಿಸುತ್ತದೆ.

ದಿನ ಮೊದಲು ಎಂದು ಸೂಚಿಸುವ ಡೇಫಸ್ಟ್ ಆಯ್ಕೆ ಕಟ್ಟುನಿಟ್ಟಲ್ಲ, ದಿನಕ್ಕೆ ಬರೀ ಆದ್ಯತೆ ಕೊಡುತ್ತದೆ ಎಂಬ ಮುಖ್ಯ ಮಾತು ಇರುವುದು ಟು_ಡೇಟ್‌ಟೈಮ್ ಪುಟದಲ್ಲಿ. ಬಹುಪಾಲು ಜನ ತೆರೆಯುವ ರೀಡ್_ಸಿಎಸ್‌ವಿ ಪುಟದಲ್ಲಿ, ಐವತ್ತರ ಹತ್ತಿರದ ಪ್ಯಾರಾಮೀಟರುಗಳ ನಡುವೆ, ಡೇಫಸ್ಟ್‌ಗೆ ಸಿಕ್ಕಿರುವುದು ಒಂದೇ ಸಾಲು. ಇದು ನಿಜಕ್ಕೂ ಬೇಸರದ ಸಂಗತಿ. ಯಾವ ಕಾಲಂ ದಿನಾಂಕ ಎಂದು ಪಾರ್ಸ್_ಡೇಟ್ಸ್‌ನಲ್ಲಿ ಹೇಳಿ, 2.0ರಲ್ಲಿ ಬಂದ ಡೇಟ್_ಫಾರ್ಮ್ಯಾಟ್‌ಗೆ ದಿನ, ತಿಂಗಳು, ವರ್ಷದ ಕ್ರಮವನ್ನು ಬರೆದುಕೊಡಿ. ಫೈಲು ಓದಿದ ತಕ್ಷಣ, ಪ್ರತಿ ಕಾಲಂನ ಬಗೆ ತೋರಿಸುವ ಡಿಟೈಪ್ಸ್ ನೋಡಿ. ಆ ಕಾಲಂ ಡೇಟ್‌ಟೈಮ್ ಆಗಿಲ್ಲದಿದ್ದರೆ ಎಲ್ಲೋ ಒಂದು ಸಾಲು ಹೊಂದಿಲ್ಲ ಎಂದೇ ಅರ್ಥ.

ಎರಡು ಕೋಷ್ಟಕಗಳನ್ನು ಜೋಡಿಸುವ ಮರ್ಜ್‌ನ ಪುಟದಲ್ಲಿ ಎಚ್ಚರಿಕೆ ಕೊಡುವ ಕೆಲಸ ಚೆನ್ನಾಗಿ ಆಗಿದೆ. ಜೋಡಿಸಲು ಬಳಸುವ ಕೀ ಕಾಲಂ ಎರಡೂ ಕಡೆ ಖಾಲಿಯಿದ್ದರೆ ಆ ಸಾಲುಗಳು ಒಂದಕ್ಕೊಂದು ಜೋಡಿಯಾಗುತ್ತವೆ, ಡೇಟಾಬೇಸ್ ಭಾಷೆ ಎಸ್‌ಕ್ಯುಎಲ್‌ನಲ್ಲಿ ಹಾಗಿಲ್ಲ ಎಂಬುದನ್ನು ಮೇಲೆಯೇ ಪೆಟ್ಟಿಗೆ ಕಟ್ಟಿ ಹೇಳಿದ್ದಾರೆ. ಮೊಬೈಲ್ ನಂಬರ್ ಮೇಲೆ ಜೋಡಿಸುವಾಗ ಎಡಕ್ಕೆ 20, ಬಲಕ್ಕೆ 30 ಖಾಲಿ ಇದ್ದರೆ 600 ಸುಳ್ಳು ಸಾಲು ಹುಟ್ಟುತ್ತವೆ. ಮೊದಲು ಡ್ರಾಪ್‌ಎನ್‌ಎ ಮಾಡಿ ಖಾಲಿ ಸಾಲು ತೆಗೆದುಕೊಳ್ಳಬೇಕು.

ಇಷ್ಟಾದರೂ ಈ ಡಾಕ್ಯುಮೆಂಟೇಶನ್ ಬಿಟ್ಟು ಬೇರೆಡೆ ಹೋಗಲು ಮನಸ್ಸಾಗುವುದಿಲ್ಲ, ಕಾರಣ ಪುಟದ ಕೊನೆಯ ಉದಾಹರಣೆಗಳು. ಮೂರು ನಾಲ್ಕು ಸಾಲಿನ ಪುಟ್ಟ ಡೇಟಾಫ್ರೇಮ್ (ಪಾಂಡಾಸ್‌ನ ಕೋಷ್ಟಕ), ಕೆಳಗೆ ಉತ್ತರ. ವಿವರಣೆಗೆ ಮುಂಚೆ ಅದನ್ನೇ ಟರ್ಮಿನಲ್‌ಗೆ ಹಾಕಿ, ಒಂದು ಮೌಲ್ಯವನ್ನು ಖಾಲಿ ಮಾಡಿ ಮತ್ತೆ ಓಡಿಸಿದರೆ ಫಂಕ್ಷನ್‌ನ ಸ್ವಭಾವ ಎರಡು ನಿಮಿಷದಲ್ಲಿ ತಿಳಿಯುತ್ತದೆ.

ಸರ್ಚ್‌ನಿಂದ ಬರುವವರು ವಿಳಾಸದಲ್ಲಿರುವ ಆವೃತ್ತಿ ಸಂಖ್ಯೆ ಗಮನಿಸಿ. ಸಾಲು ಸೇರಿಸಲು ಹಳೆಯ ಪುಟ ಹೇಳುವ ಡೇಟಾಫ್ರೇಮ್‌ನ ಅಪೆಂಡ್ 2.0ರಿಂದ ಇಲ್ಲ. ತುಂಡುಗಳನ್ನು ಲಿಸ್ಟ್‌ನಲ್ಲಿ ಕೂಡಿಟ್ಟು ಕೊನೆಗೆ ಒಂದೇ ಸಲ ಕಾನ್‌ಕ್ಯಾಟ್‌ನಿಂದ ಒಟ್ಟುಗೂಡಿಸಿ. ಲೂಪಿನೊಳಗೆ ಮಾಡಿದರೆ ಪ್ರತಿ ಸುತ್ತಿಗೂ ಇಡೀ ಡೇಟಾ ನಕಲಾಗುತ್ತದೆ.