ಮ್ಯಾರಿನರ್ಸ್ ಸೀಸನ್ ಟಿಕೆಟ್: 2025ರಲ್ಲಿ ಕೊಟ್ಟ ಹಣಕ್ಕೆ ಸಿಕ್ಕಿದ್ದು, 2026ರಲ್ಲಿ ಸಿಗಬಹುದಾದದ್ದು

ಮೂರು ಮನೆಯವರು ಸೇರಿ ಕೊಂಡ ಎರಡು ಕುರ್ಚಿಗಳ ಸೀಸನ್ ಟಿಕೆಟ್ಟನ್ನು ಮುಂದುವರಿಸಬೇಕೋ ಬೇಡವೋ ಎಂಬ ಪ್ರಶ್ನೆ ಈ 2026ರ ಜನವರಿಯಲ್ಲಿ ನಮ್ಮ ಮುಂದಿದೆ. ಸಿಯಾಟಲ್ ಮ್ಯಾರಿನರ್ಸ್ ಬೇಸ್‌ಬಾಲ್ ತಂಡವು ತವರಿನಲ್ಲಿ ವರ್ಷಕ್ಕೆ 81 ಪಂದ್ಯಗಳನ್ನು ಆಡುತ್ತದೆ. ಮೂರು ಪಾಲು ಮಾಡಿದರೆ ಮನೆಗೆ 27 ಬರುತ್ತವೆ. ಏಪ್ರಿಲ್‌ನ ಚಳಿಯಲ್ಲಿ, ಕೆಲಸದ ದಿನ ಸಂಜೆ, ಎದುರಾಳಿ ಯಾರೆಂದೂ ನೋಡದೆ ಹೋಗಿ ಕೂರಬೇಕಾದ ಈ 27 ಪಂದ್ಯಗಳು ಸಣ್ಣ ಖರ್ಚೂ ಅಲ್ಲ, ಸಣ್ಣ ಶ್ರಮವೂ ಅಲ್ಲ. ಆದ್ದರಿಂದ ಅಭಿಮಾನವನ್ನು ಸ್ವಲ್ಪ ಬದಿಗಿಟ್ಟು, ಅಂಗಡಿಯಿಂದ ತಂದ ಸರಕನ್ನು ತೂಗಿ ನೋಡುವ ಹಾಗೆ ಕಳೆದ ವರ್ಷವನ್ನು ಇಲ್ಲಿ ತೂಗಿ ನೋಡಿದ್ದೇನೆ.

ಮೊದಲು ಜಾಗದ ಮಾತು. 1999ರ ಜುಲೈ 15ರಂದು ಸೇಫ್ಕೋ ಫೀಲ್ಡ್ ಎಂಬ ಹೆಸರಿನಲ್ಲಿ ತೆರೆದು ಈಗ ಟಿ-ಮೊಬೈಲ್ ಪಾರ್ಕ್ ಎನಿಸಿಕೊಂಡಿರುವ ಈ ಮೈದಾನದ ಚಾವಣಿ, ಮಳೆ ಬಂದಾಗ ಹಳಿಗಳ ಮೇಲೆ ಉರುಳಿಬಂದು ಛತ್ರಿಯಂತೆ ಮೇಲೆ ನಿಲ್ಲುತ್ತದೆಯೇ ಹೊರತು ಪಕ್ಕದ ಗೋಡೆಗಳನ್ನು ಮುಚ್ಚುವುದಿಲ್ಲ. ಹೀಗಾಗಿ ಹೊರಗಿನ ತಣ್ಣನೆಯ ಗಾಳಿಯೂ ಪಕ್ಕದ ಹಳಿಯಲ್ಲಿ ಹಾದುಹೋಗುವ ಗೂಡ್ಸ್ ರೈಲಿನ ಸಿಳ್ಳೆಯೂ ಆಟದ ನಡುವೆ ಒಳಗೆ ಬರುತ್ತಲೇ ಇರುತ್ತವೆ. ಮಲೆನಾಡಿನಲ್ಲಿ ಬೆಳೆದ ನನಗೆ ಮಳೆ ಸುರಿಯುವಾಗ ನೆನೆಯದೆ ಕೂತು ಅದರ ಸದ್ದು ಕೇಳುವ ಈ ಏರ್ಪಾಡು ಬಹಳ ಹಿಡಿಸಿದೆ. ನಮ್ಮ ಕುರ್ಚಿಗಳು ಬ್ಯಾಟರ್ ನಿಲ್ಲುವ ಹೋಮ್ ಪ್ಲೇಟಿನ ಹಿಂದೆ, ಮೇಲಿನ ಹಂತದಲ್ಲಿವೆ. ಅಷ್ಟು ಎತ್ತರದಿಂದ ಆಟಗಾರರ ಮುಖ ಕಾಣಿಸುವುದಿಲ್ಲ, ಆದರೆ ಪಿಚರ್ ಎಸೆದ ಚೆಂಡು ಕೊನೆಯ ಗಳಿಗೆಯಲ್ಲಿ ಎತ್ತ ತಿರುಗಿತು ಎಂಬುದು ಕೆಳಗಿನ ದುಬಾರಿ ಸಾಲುಗಳಿಗಿಂತ ಇಲ್ಲಿಂದಲೇ ಚೆನ್ನಾಗಿ ಕಾಣುತ್ತದೆ. ಲಿನ್‌ವುಡ್‌ನಿಂದ ಲೈಟ್ ರೈಲು ಹತ್ತಿದರೆ ಸ್ಟೇಡಿಯಂ ನಿಲ್ದಾಣದಲ್ಲೇ ಇಳಿಯಬಹುದಾದ್ದರಿಂದ ಕಾರು ನಿಲ್ಲಿಸುವ ಹಣವೂ ತಲೆನೋವೂ ಉಳಿಯುತ್ತವೆ.

ಊಟದ ವಿಷಯದಲ್ಲಿ ಹೊರಗಿನ ತಿಂಡಿಯನ್ನು ಒಳಗೆ ಬಿಡುವುದೇ ಈ ಮೈದಾನದ ದೊಡ್ಡ ಉಪಕಾರ. ಒಗ್ಗರಣೆ ಅವಲಕ್ಕಿಯನ್ನೂ ಚಪಾತಿಯನ್ನೂ ಪೊಟ್ಟಣ ಕಟ್ಟಿಕೊಂಡು, ಸೀಲ್ ಒಡೆಯದ ನೀರಿನ ಬಾಟಲಿ ಹಿಡಿದುಕೊಂಡು ಹೋದರೆ ಯಾರೂ ತಡೆಯುವುದಿಲ್ಲ. ಇಲ್ಲಿನ ಹೆಸರುವಾಸಿ ತಿನಿಸೆಂದರೆ ಖಾರ ಮತ್ತು ನಿಂಬೆ ಹಚ್ಚಿದ ಹುರಿದ ಮಿಡತೆ; ಅದನ್ನು ತಿಂದು ಹೇಳುವ ಧೈರ್ಯ ನನಗಿಲ್ಲ. ಬೆಳ್ಳುಳ್ಳಿ ಮೆತ್ತಿದ ಆಲೂಗೆಡ್ಡೆ ಫ್ರೈಸ್ ಮಾತ್ರ ಬಿಸಿಯಾಗಿದ್ದಾಗ ನಿಜಕ್ಕೂ ಚೆನ್ನ, ಆರಿದ ಮೇಲೆ ಮುಟ್ಟುವಂತಿರುವುದಿಲ್ಲ. ಟಿಕೆಟ್ ಮರುಮಾರಾಟದ ಆ್ಯಪ್‌ಗಳ ಬಗ್ಗೆ ಮಾತ್ರ ಎಚ್ಚರವಿರಲಿ: ಒಮ್ಮೆ ಸ್ನೇಹಿತರಿಗೆಂದು ಹಾಗೆ ಕೊಂಡ ಟಿಕೆಟ್ ಗೇಟಿನಲ್ಲಿ ತೆರೆದುಕೊಳ್ಳದೆ, ಅವರು ಒಳಗೆ ಬರುವಷ್ಟರಲ್ಲಿ ಒಂಬತ್ತು ಇನಿಂಗ್ಸ್‌ಗಳ ಆಟದಲ್ಲಿ ಮೂರನೆಯದು ಮುಗಿದಿತ್ತು.

ಇನ್ನು ಸರಕಿನ ವಿಷಯ, ಅಂದರೆ ಆಟ. 1977ರಲ್ಲಿ ಹುಟ್ಟಿದ ಈ ತಂಡವು ಮೇಜರ್ ಲೀಗಿನ 30 ತಂಡಗಳ ಪೈಕಿ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್ ಒಮ್ಮೆಯೂ ಆಡದ ಏಕೈಕ ತಂಡವಾಗಿದೆ. 2001ರಲ್ಲಿ 116 ಪಂದ್ಯ ಗೆದ್ದೂ ಅಲ್ಲಿಗೆ ಮುಟ್ಟಲಿಲ್ಲ. ಆಮೇಲೆ 2022ರವರೆಗೆ ಪ್ಲೇಆಫ್‌ನ ಮುಖವನ್ನೇ ನೋಡಲಿಲ್ಲ. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಆರ್‌ಸಿಬಿ ಹದಿನೆಂಟನೇ ಸೀಸನ್ನಿಗೆ ಕಪ್ ಎತ್ತಿದಾಗ, ನಮ್ಮ ಕನ್ನಡದ ಗುಂಪಿನಲ್ಲಿ ಒಬ್ಬರು ‘ಇನ್ನು ಉಳಿದಿರೋದು ಇದೊಂದೇ’ ಎಂದು ಮ್ಯಾರಿನರ್ಸ್ ಟೋಪಿಯ ಚಿತ್ರ ಹಾಕಿದ್ದರು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗಿನ ಕಾಲ್ತುಳಿತದಲ್ಲಿ 11 ಜನ ಸತ್ತ ಸುದ್ದಿ ಬಂದ ಮೇಲೆ ಗುಂಪಿನಲ್ಲಿ ವಾರಗಟ್ಟಲೆ ಯಾರೂ ಕಪ್ಪಿನ ಮಾತೆತ್ತಲಿಲ್ಲ.

ಆ ಬೇಸಿಗೆಯಲ್ಲಿ ಅಪ್ಪ ಶಿವಮೊಗ್ಗದಿಂದ ಬಂದು ನಮ್ಮ ಜೊತೆಗಿದ್ದರು. ಕಾಲೇಜು ದಿನಗಳಲ್ಲಿ ವಿಕೆಟ್ ಕೀಪರ್ ಆಗಿದ್ದವರಾದ್ದರಿಂದ ಅವರ ಕಣ್ಣು ಮೊದಲು ಹೋದದ್ದು ಪ್ಲೇಟಿನ ಹಿಂದೆ ಮುಖವಾಡ ತೊಟ್ಟು ಕೂತ ಕ್ಯಾಚರ್ ಕಡೆಗೆ. ಕ್ಯಾಲ್ ರಾಲಿ ಅಂದು ಬ್ಯಾಟಿಗೆ ಬಂದು ಚೆಂಡನ್ನು ಬಲಗಡೆಯ ಗ್ಯಾಲರಿಗೆ ಎತ್ತಿ ಹೊಡೆದಾಗ ಅಪ್ಪ, “ಇವನು ಕೀಪರ್ರೋ, ಓಪನಿಂಗ್ ಬ್ಯಾಟ್ಸ್‌ಮನ್ನೋ?” ಎಂದು ಕೇಳಿದರು. ಎರಡೂ ಎಂದೆ. ಆಮೇಲೆ ಬಹಳ ಹೊತ್ತು ಅವರು ಸ್ಕೋರ್‌ಬೋರ್ಡ್ ನೋಡಲೇ ಇಲ್ಲ. ರಾಲಿ ಪ್ರತಿ ಎಸೆತಕ್ಕೂ ಒಂದು ಮಂಡಿಯನ್ನು ನೆಲಕ್ಕೆ ಊರಿ, ಕೈಗವಸನ್ನು ಮಣ್ಣಿನ ಹತ್ತಿರದಿಂದ ಮೇಲಕ್ಕೆ ತಂದು, ಹೊರಗೆ ಹೋಗುವ ಚೆಂಡನ್ನೂ ಒಳಗೆ ಬಿದ್ದಂತೆ ಅಂಪೈರಿಗೆ ತೋರಿಸುವುದನ್ನೇ ನೋಡುತ್ತಿದ್ದರು. ಕೊನೆಗೆ, “ವರ್ಷಕ್ಕೆ ನೂರು ಪಂದ್ಯ ಹೀಗೆ ಕೂತ್ರೆ ಮಂಡಿ ಉಳಿಯಲ್ಲ ಕಣೋ” ಎಂದರು.

ಮಂಡಿ ಉಳಿಯಿತು. ರಾಲಿ 159 ಪಂದ್ಯ ಆಡಿ 60 ಹೋಮ್ ರನ್ (ಕ್ರಿಕೆಟ್ಟಿನ ಸಿಕ್ಸರಿನ ಹಾಗೆ ಚೆಂಡನ್ನು ಮೈದಾನದಾಚೆ ಕಳಿಸುವ ಹೊಡೆತ) ಹೊಡೆದರು. ಕ್ಯಾಚರ್ ಒಬ್ಬರ ಹಿಂದಿನ ದಾಖಲೆ 2021ರಲ್ಲಿ ಸಾಲ್ವಡಾರ್ ಪೆರೆಜ್ ಹೊಡೆದ 48. ಎಡಗೈ ಬಲಗೈ ಎರಡರಲ್ಲೂ ಆಡುವವರ ದಾಖಲೆ 1961ರಲ್ಲಿ ಮಿಕಿ ಮ್ಯಾಂಟಲ್ ಹೊಡೆದ 54. ಈ ತಂಡದ ದಾಖಲೆ ಕೆನ್ ಗ್ರಿಫಿ ಜೂನಿಯರ್ ಎರಡು ಸಲ ಹೊಡೆದ 56. ಮೂರನ್ನೂ ಒಬ್ಬನೇ ಒಂದೇ ವರ್ಷ ದಾಟಿದ. ಅರವತ್ತನೆಯದು ಬಂದದ್ದು ಸೆಪ್ಟೆಂಬರ್ 24ರಂದು, ತವರಿನಲ್ಲಿ, 2001ರ ನಂತರ ಮೊದಲ ಬಾರಿಗೆ ತಂಡವು ಪಶ್ಚಿಮ ವಿಭಾಗವನ್ನು ಗೆದ್ದ ರಾತ್ರಿಯೇ. ಅತ್ಯುತ್ತಮ ಆಟಗಾರ ಪ್ರಶಸ್ತಿ ಮಾತ್ರ ನ್ಯೂಯಾರ್ಕಿನ ಆ್ಯರನ್ ಜಡ್ಜ್ ಪಾಲಾಯಿತು. ಮೊದಲ ಸ್ಥಾನದ ಮತಗಳು 17ಕ್ಕೆ 13 ಎಂದು ಹಂಚಿಹೋದವು. ಜಡ್ಜ್ ಅವರ ಬ್ಯಾಟಿಂಗ್ ಅಂಕಿಗಳನ್ನು ಒಪ್ಪಿಕೊಂಡೂ, ಕ್ಯಾಚರ್ ಕೆಲಸದ ಭಾರವನ್ನು ಮತದಾರರು ಸರಿಯಾಗಿ ತೂಗಲಿಲ್ಲ ಎಂದೇ ನನ್ನ ಅಭಿಪ್ರಾಯ.

ತವರಿನಲ್ಲಿ ತಂಡ 51 ಗೆದ್ದು 30 ಸೋತಿತು, ಹೊರಗೆ 39 ಗೆದ್ದು 42 ಸೋತಿತು. ಟಿಕೆಟ್ ಕೊಂಡವನ ಲೆಕ್ಕದಲ್ಲಿ ಇದಕ್ಕಿಂತ ಒಳ್ಳೆಯ ಹಂಚಿಕೆ ಇಲ್ಲ. ಆದರೆ ಈ ಲೆಕ್ಕದ ಒಳಗೆ ಒಂದು ವಿಚಿತ್ರವಿದೆ. ವರ್ಷಗಳಿಂದ ಮ್ಯಾರಿನರ್ಸ್ ನಮಗೆ ಮಾರಿದ ಸರಕು ಪಿಚಿಂಗ್. ಈ ಮೈದಾನದ ತಂಪು ಗಾಳಿಯಲ್ಲಿ ಚೆಂಡು ದೂರ ಹೋಗುವುದಿಲ್ಲವಾದ್ದರಿಂದ ಅದು ಸಹಜವೂ ಹೌದು. 2025ರಲ್ಲಿ ಅದೇ ಪಿಚಿಂಗ್ ಹಾಸಿಗೆ ಹಿಡಿಯಿತು. ಜಾರ್ಜ್ ಕರ್ಬಿ ಭುಜದ ನೋವಿನಿಂದ ಮೊದಲ ತಿಂಗಳುಗಳನ್ನು ಕಳೆದುಕೊಂಡರು, ಲೋಗನ್ ಗಿಲ್ಬರ್ಟ್ ಮತ್ತು ಬ್ರೈಸ್ ಮಿಲ್ಲರ್ ತೋಳಿನ ತೊಂದರೆಯಿಂದ ಹೊರಗುಳಿದರು, ವರ್ಷವಿಡೀ ನಿಂತ ಬ್ರಯಾನ್ ವೂ 15 ಗೆದ್ದು ಸೆಪ್ಟೆಂಬರ್‌ನಲ್ಲಿ ಎದೆಯ ಸ್ನಾಯು ನೋಯಿಸಿಕೊಂಡರು. ತಂಡವನ್ನು ದಡ ಸೇರಿಸಿದ್ದು ಬ್ಯಾಟು. ಜುಲೈ ಕೊನೆಯಲ್ಲಿ ಅರಿಜೋನಾದಿಂದ ತಂದ ಜಾಶ್ ನೇಲರ್, ಯುಹೆನಿಯೊ ಸ್ವಾರೆಸ್ ಇಬ್ಬರೂ ಅದಕ್ಕೆ ಬಲ ಕೊಟ್ಟರು. ದಪ್ಪ ಮೈಯ, ಓಟಕ್ಕೆ ಹೆಸರಾಗದ ನೇಲರ್ ಇಲ್ಲಿಗೆ ಬಂದ ಎರಡು ತಿಂಗಳಲ್ಲಿ 19 ಬೇಸ್ ಕದ್ದದ್ದನ್ನು, ಅಂದರೆ ಪಿಚರ್ ಎಸೆಯುವಷ್ಟರಲ್ಲಿ ಮುಂದಿನ ಬೇಸಿಗೆ ಓಡಿ ಮುಟ್ಟಿದ್ದನ್ನು, ನೋಡಲಿಕ್ಕೇ ಒಂದು ಟಿಕೆಟಿನ ಹಣ ಕೊಡಬಹುದಿತ್ತು.

ಅಕ್ಟೋಬರ್ 10ರ ರಾತ್ರಿಯನ್ನು ಮಾತ್ರ ಹಣದಲ್ಲಿ ಅಳೆಯಲು ನನ್ನಿಂದಾಗದು. ಪ್ಲೇಆಫ್‌ನಲ್ಲಿ ಡೆಟ್ರಾಯಿಟ್ ಟೈಗರ್ಸ್ ಎದುರು ಐದನೆಯ, ನಿರ್ಣಾಯಕ ಪಂದ್ಯ. ಅವರ ಪಿಚರ್ ಟ್ಯಾರಿಕ್ ಸ್ಕೂಬಲ್ ಆರು ಇನಿಂಗ್ಸ್‌ನಲ್ಲಿ 13 ಜನರನ್ನು ಸ್ಟ್ರೈಕ್ ಔಟ್ ಮಾಡಿದಾಗ ನಮ್ಮ ಸಾಲಿನಲ್ಲಿ ಮಾತೇ ನಿಂತಿತ್ತು. ಏಳನೆಯದರಲ್ಲಿ ಬದಲಿ ಬ್ಯಾಟರ್ ಆಗಿ ಬಂದ ಲಿಯೊ ರಿವಾಸ್, ತನ್ನ ಹುಟ್ಟುಹಬ್ಬದ ದಿನವೇ, ಒಂದು ಸಿಂಗಲ್ ಹೊಡೆದು ಸಮ ಮಾಡಿದರು. ಅಲ್ಲಿಂದ ಮುಂದೆ ಎಂಟು ಇನಿಂಗ್ಸ್ ಯಾರೂ ಕೂರಲಿಲ್ಲ. ಗಿಲ್ಬರ್ಟ್, ಲೂಯಿಸ್ ಕಸ್ಟಿಯೊ ಮುಂತಾದ ಮೊದಲ ಸಾಲಿನ ಪಿಚರ್‌ಗಳೇ, ಬದಲಿ ಪಿಚರ್‌ಗಳು ಕಾಯುವ ಬುಲ್‌ಪೆನ್ನಿನಿಂದ ಎದ್ದು ಬಂದರು. ಹದಿನೈದನೆಯದರಲ್ಲಿ ಹಾರ್ಹೆ ಪೊಲಾಂಕೊ ಬಲಗಡೆಗೆ ಹೊಡೆದ ಚೆಂಡಿಗೆ ಜೆ. ಪಿ. ಕ್ರಾಫರ್ಡ್ ಓಡಿ ಬಂದಾಗ ಪಂದ್ಯ ಶುರುವಾಗಿ ಎರಡು ನಿಮಿಷ ಕಡಿಮೆ ಐದು ಗಂಟೆಯಾಗಿತ್ತು. ಮುಂದಿನ ಸಾಲಿನ ಅಜ್ಜಿಯೊಬ್ಬರು ನನ್ನ ಕೈ ಹಿಡಿದು ಅತ್ತರು; ಅವರ ಹೆಸರು ನನಗೆ ಇಂದಿಗೂ ಗೊತ್ತಿಲ್ಲ.

ಮುಂದಿನ ಸುತ್ತಿನಲ್ಲಿ ಟೊರಾಂಟೊ ಬ್ಲೂ ಜೇಸ್ ಎದುರು ಅವರ ಮನೆಯಲ್ಲೇ ಎರಡು ಗೆದ್ದು ಬಂದ ತಂಡವು, ನಾವು ಹೆಚ್ಚಿನ ಹಣ ತೆತ್ತು ಕೂತ ಮೂರನೇ, ನಾಲ್ಕನೇ ಪಂದ್ಯಗಳನ್ನು 13-4, 8-2ರಿಂದ ಸೋತಿತು. ಐದನೆಯದರಲ್ಲಿ ಎಂಟನೇ ಇನಿಂಗ್ಸ್‌ನಲ್ಲಿ ರಾಲಿ ಸಮ ಮಾಡಿ, ಸ್ವಾರೆಸ್ ಬೇಸ್ ತುಂಬಿದ್ದಾಗ ಹೋಮ್ ರನ್ ಹೊಡೆದು ಗೆಲ್ಲಿಸಿದರು. ವರ್ಲ್ಡ್ ಸೀರೀಸ್‌ಗೆ ಬೇಕಿದ್ದದ್ದು ಎರಡರಲ್ಲಿ ಒಂದು ಗೆಲುವು. ಅಕ್ಟೋಬರ್ 20ರ ಏಳನೇ ಪಂದ್ಯದಲ್ಲಿ 3-1ರಿಂದ ಮುಂದಿದ್ದಾಗ, ಗಾಯದಿಂದ ಮರಳಿ ಆಗಲೇ ಎರಡು ಇನಿಂಗ್ಸ್ ಎಸೆದಿದ್ದ ವೂ ಅವರನ್ನು ಪಂದ್ಯದ ಏಳನೇ ಇನಿಂಗ್ಸ್‌ಗೂ ಕಳಿಸಿದರು. ಅವರು ಇಬ್ಬರನ್ನು ಬೇಸಿಗೆ ಬಿಟ್ಟ ಮೇಲೆ ಬಂದ ಎಡ್ವರ್ಡ್ ಬಸಾರ್ಡೊ ಎಸೆತವನ್ನು ಜಾರ್ಜ್ ಸ್ಪ್ರಿಂಗರ್ ಎಡಗಡೆಯ ಗ್ಯಾಲರಿಗೆ ಅಟ್ಟಿದರು. 4-3. ಪಂದ್ಯದ ಕೊನೆಗೆ ಬಂದು ಗೆಲುವನ್ನು ಕಾಯುವ ಪಿಚರ್, ಅಂದರೆ ಮುಖ್ಯ ಕ್ಲೋಸರ್ ಆಂಡ್ರೆಸ್ ಮುನ್ಯೋಸ್ ಅವರನ್ನು ಆಗಲೇ ಕರೆಯಬೇಕಿತ್ತೆಂದು ಊರೆಲ್ಲ ಮ್ಯಾನೇಜರ್ ಡ್ಯಾನ್ ವಿಲ್ಸನ್ ಅವರನ್ನು ಬೈದಿತು. ನನ್ನ ದೂರು ಬೇರೆ. ಟೊರಾಂಟೊ 94 ಗೆದ್ದಿತ್ತು, ನಾವು 90. ಆ ನಾಲ್ಕು ಗೆಲುವುಗಳ ಅಂತರದಿಂದಾಗಿಯೇ ಏಳನೇ ಪಂದ್ಯ ಅವರ ಮನೆಯಲ್ಲಿ ನಡೆಯಿತು. ನೇಲರ್, ಸ್ವಾರೆಸ್ ಇವರಂಥ ಬ್ಯಾಟರ್‌ಗಳನ್ನು ಜುಲೈವರೆಗೆ ಕಾಯದೆ ಹಿಂದಿನ ಚಳಿಗಾಲದಲ್ಲೇ ತಂದಿದ್ದರೆ, ಅದಕ್ಕೂ ಮುಂಚೆ ಚೆಲ್ಲಿದ ಪಂದ್ಯಗಳಲ್ಲಿ ಆ ಅಂತರ ದಾಟುವಷ್ಟಾದರೂ ಉಳಿಯುತ್ತಿದ್ದವು. ಅರ್ಧ ಅಡುಗೆಯಾದ ಮೇಲೆ ಸಾಮಾನಿಗೆ ಅಂಗಡಿಗೆ ಓಡುವುದು ಈ ಆಡಳಿತದ ಹಳೆಯ ಚಾಳಿ.

ಈ ಚಳಿಗಾಲದಲ್ಲಿ ಆ ಚಾಳಿ ಅರ್ಧ ಬಿಟ್ಟಂತೆ ಕಾಣುತ್ತದೆ. ನವೆಂಬರ್‌ನಲ್ಲೇ ನೇಲರ್ ಅವರನ್ನು ಐದು ವರ್ಷಕ್ಕೆ 92.5 ಮಿಲಿಯನ್ ಡಾಲರ್ ಕೊಟ್ಟು ಉಳಿಸಿಕೊಂಡರು. ಹ್ಯಾರಿ ಫೋರ್ಡ್ ಎಂಬ ಯುವ ಕ್ಯಾಚರನ್ನು ವಾಷಿಂಗ್ಟನ್‌ಗೆ ಕೊಟ್ಟು ಎಡಗೈ ರಿಲೀವರ್ (ಬದಲಿ ಪಿಚರ್) ಹೋಸೆ ಫೆರೆರ್ ಅವರನ್ನು ತಂದರು. ಏಳನೇ ಪಂದ್ಯದ ಏಳನೇ ಇನಿಂಗ್ಸ್ ನೋಡಿದವರಿಗೆ ಈ ಎರಡನೇ ಖರೀದಿಯ ಕಾರಣ ಹೇಳಬೇಕಿಲ್ಲ. ಆದರೆ ಪೊಲಾಂಕೊ ನ್ಯೂಯಾರ್ಕ್ ಮೆಟ್ಸ್‌ಗೆ ಹೋದರು. ಅವರ 26 ಹೋಮ್ ರನ್ನುಗಳ ಜಾಗಕ್ಕೆ ಕೋಲ್ ಯಂಗ್ ಎಂಬ ಹುಡುಗನನ್ನೇ ನಂಬಿ ಕೂತರೆ ಮತ್ತೆ ಜುಲೈನಲ್ಲಿ ಅಂಗಡಿಗೆ ಓಡಬೇಕಾಗುತ್ತದೆ.

ನನ್ನ ಭವಿಷ್ಯ ಹೀಗಿದೆ. ತಂಡ 93 ಗೆಲ್ಲುತ್ತದೆ, ಪಶ್ಚಿಮ ವಿಭಾಗ ಮತ್ತೆ ನಮ್ಮದೇ. ರಾಲಿ 60 ಹೊಡೆಯುವುದಿಲ್ಲ. ಮಾರ್ಚ್‌ನಲ್ಲಿ ದೇಶಗಳ ನಡುವಿನ ವರ್ಲ್ಡ್ ಬೇಸ್‌ಬಾಲ್ ಕ್ಲಾಸಿಕ್‌ನಲ್ಲಿ ಅಮೆರಿಕದ ಪರ ಕ್ಯಾಚರ್ ಆಗಿ ಕೂತು ಬಂದ ಮೇಲೆ ಅಪ್ಪ ಹೇಳಿದ ಮಂಡಿಗೆ ವಿಶ್ರಾಂತಿ ಬೇಕಾಗಿ, 40ರ ಆಸುಪಾಸಿನಲ್ಲಿ ನಿಲ್ಲುತ್ತಾರೆ. ಫೋರ್ಡ್ ಅವರನ್ನು ಕೊಟ್ಟದ್ದರ ಬೆಲೆ ಆಗ ಗೊತ್ತಾಗುತ್ತದೆ. ಕಳೆದ ವರ್ಷ 32 ಹೋಮ್ ರನ್, 30 ಬೇಸ್ ಕಳವು ಎರಡನ್ನೂ ಮಾಡಿದ ಹೂಲಿಯೊ ರೊಡ್ರಿಗೆಸ್ ಈ ಬಾರಿ ತಂಡದ ಮೊದಲ ಹೆಸರಾಗುತ್ತಾರೆ. ಯುವ ಇನ್‌ಫೀಲ್ಡರ್ ಕೋಲ್ಟ್ ಎಮರ್ಸನ್ ಜೂನ್‌ ಹೊತ್ತಿಗೆ ಬಂದು ಬೇರೂರುತ್ತಾರೆ. ಐದು ಪಿಚರ್‌ಗಳಲ್ಲಿ ನಾಲ್ವರು ಆಗಸ್ಟ್‌ನಲ್ಲಿ ನೆಟ್ಟಗೆ ನಿಂತಿದ್ದರೆ ತಂಡ ವರ್ಲ್ಡ್ ಸೀರೀಸ್‌ಗೆ ಹೋಗುತ್ತದೆ. ಅಲ್ಲಿ ಸತತ ಎರಡು ವರ್ಷ ಗೆದ್ದಿರುವ ಡಾಜರ್ಸ್ ಎದುರಾದರೆ ಆರು ಪಂದ್ಯಗಳಲ್ಲಿ ಸೋಲುತ್ತದೆ. ಇದನ್ನು ಬರೆಯಲು ಕೈ ಬರುವುದಿಲ್ಲ, ಆದರೂ ಬರೆದಿದ್ದೇನೆ.

ಟಿಕೆಟ್ ಬೇಡ, ಟಿವಿ ಸಾಕು ಎನ್ನುವವರಿಗೂ ಈ ವರ್ಷ ಬದಲಾವಣೆಯಿದೆ: ಸ್ಥಳೀಯ ಚಾನೆಲ್ ರೂಟ್ ಸ್ಪೋರ್ಟ್ಸ್ 2025ರೊಂದಿಗೆ ಮುಗಿದು, ಪ್ರಸಾರವನ್ನು ಮೇಜರ್ ಲೀಗ್ ಸಂಸ್ಥೆಯೇ ವಹಿಸಿಕೊಂಡಿದೆ. ಕೇಬಲ್ ಇಲ್ಲದ ಮನೆಗಳಿಗೆ ಇದರಿಂದ ಅನುಕೂಲವೇ ಆಗಬಹುದು. ನಾವು ಮೂರು ಮನೆಯವರು ಮಾತ್ರ ಟಿಕೆಟ್ ಮುಂದುವರಿಸುತ್ತಿದ್ದೇವೆ, ಒಂದು ತಿದ್ದುಪಡಿಯೊಂದಿಗೆ: ಏಪ್ರಿಲ್‌ನ ಪಂದ್ಯಗಳನ್ನು ಸರದಿಯ ಮೇಲಲ್ಲ, ಚೀಟಿ ಎತ್ತಿ ಹಂಚಿಕೊಳ್ಳುವುದು.

ಅಪ್ಪ ಕಳೆದ ಸಲ ದಸರೆಗೆಂದು ಸೆಪ್ಟೆಂಬರ್‌ನಲ್ಲೇ ಊರಿಗೆ ಹೊರಟು, ಹದಿನೈದು ಇನಿಂಗ್ಸ್‌ನ ಪಂದ್ಯವನ್ನು ನನ್ನ ಫೋನಿನ ವರದಿಯಲ್ಲಿ ಕೇಳಬೇಕಾಯಿತು. ಈ ವರ್ಷ ಅಧಿಕ ಮಾಸ ಬರುವುದರಿಂದ ದಸರಾ ಅಕ್ಟೋಬರ್‌ನ ಮೂರನೇ ವಾರಕ್ಕೆ, ಸರಿಯಾಗಿ ವರ್ಲ್ಡ್ ಸೀರೀಸ್‌ಗೆ ಮುಂಚಿನ ಲೀಗ್ ಚಾಂಪಿಯನ್‌ಷಿಪ್ ಪಂದ್ಯಗಳ ಹೊತ್ತಿಗೆ ಬೀಳುತ್ತದೆ. ವಾಪಸಾತಿ ಟಿಕೆಟ್ಟನ್ನು ಯಾವ ತಾರೀಖಿಗೆ ಮಾಡಿಸಲಿ ಎಂದು ಹೋದ ವಾರ ಫೋನಿನಲ್ಲಿ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಬನ್ನಿ ಮುಡಿಯೋದಕ್ಕೆ ನಿಮ್ಮಮ್ಮ ಒಬ್ಬಳೇ ಹೋದ್ರೂ ನಡೆಯುತ್ತೆ ಅನ್ಸುತ್ತೆ, ನೋಡು” ಎಂದರು.