ರಾಯಚೂರು ಕದನಕ್ಕೆ ಯಾವ ಸೈನಿಕ? ಪ್ಲಾಸ್ಟಿಕ್, ರೆಸಿನ್, ಕಿನ್ನಾಳದ ಮರ

ಆಟಿಕೆ ಸೈನಿಕರನ್ನು ಕೂಡಿಡುವ ಹುಚ್ಚು ಇರುವವರಿಗೆ ನಮ್ಮ ಕಡೆ ಒಂದು ದೊಡ್ಡ ತೊಂದರೆ ಇದೆ. ನೆಪೋಲಿಯನ್ನನ ದಂಡು ಬೇಕೆಂದರೆ ಡಬ್ಬಿಗಟ್ಟಲೆ ಸಿಗುತ್ತದೆ. ರೋಮನ್ನರು ಸಿಗುತ್ತಾರೆ, ಎರಡನೇ ಮಹಾಯುದ್ಧದ ಜರ್ಮನ್ನರು ಬೇಡವೆಂದರೂ ಸಿಗುತ್ತಾರೆ. ಕೃಷ್ಣದೇವರಾಯನ ಕಾಲಾಳು ಬೇಕು ಅಂದರೆ ಮಾತ್ರ ಅಂಗಡಿಯವನು ನಮ್ಮ ಮುಖವನ್ನೇ ನೋಡುತ್ತಾನೆ. ಆ ರಾಯ ಬಿಜಾಪುರದ ಸುಲ್ತಾನನ ಜೊತೆ ಕಾದಿದ 1520ರ ರಾಯಚೂರು ಕದನವನ್ನು ಹಲಗೆಯ ಮೇಲೆ ಕಟ್ಟಬೇಕೆಂದು ಹೊರಟವನು ನಾನು. ಇರುವುದು ಕೊಪ್ಪಳದಲ್ಲಿ. ಮೆತ್ತನೆಯ ಪ್ಲಾಸ್ಟಿಕ್, 3ಡಿ ಯಂತ್ರದಲ್ಲಿ ಮುದ್ರಿಸಿದ ರೆಸಿನ್ (ಬೆಳಕಿಗೆ ಗಟ್ಟಿಯಾಗುವ ರಾಳ), ನಮ್ಮ ಪಕ್ಕದ ಕಿನ್ನಾಳದ ಮರದ ಗೊಂಬೆ, ಮೂರನ್ನೂ ಬಳಸಿ ನೋಡಿದ್ದೇನೆ. ಯಾವುದನ್ನು ಕೊಯ್ದು, ಬಗ್ಗಿಸಿ, ಮೆತ್ತಿ ನಮ್ಮವನನ್ನಾಗಿ ಮಾಡಬಹುದು ಅನ್ನುವುದೇ ನನ್ನ ಅಳತೆಗೋಲು.

ಮೊದಲು ಗಾತ್ರದ ಲೆಕ್ಕ. ಇದು ಗೊತ್ತಿಲ್ಲದೆ ಡಬ್ಬಿ ಕೊಳ್ಳಬೇಡಿ. ಈ ಹವ್ಯಾಸದಲ್ಲಿ ಎರಡು ಗಾತ್ರ ಜಾಸ್ತಿ ಓಡುತ್ತವೆ. ಒಂದು 1/72, ಅಂದರೆ ನಿಜದ ಅಳತೆಯ ಎಪ್ಪತ್ತೆರಡರಲ್ಲಿ ಒಂದು ಪಾಲು. ಇನ್ನೊಂದು ಗೊಂಬೆಯ ಎತ್ತರದಲ್ಲಿ ಹೇಳುವ 54 ಮಿಲಿಮೀಟರ್, ಅಂದರೆ ಸುಮಾರು 1/32. ಐದೂವರೆ ಅಡಿ ಆಳು 1/72ರಲ್ಲಿ ಎರಡೂಕಾಲು ಸೆಂಟಿಮೀಟರ್ ಚಿಲ್ಲರೆ ಆಗುತ್ತಾನೆ, ಇನ್ನೊಂದರಲ್ಲಿ ಐದು ಸೆಂಟಿಮೀಟರ್ ದಾಟುತ್ತಾನೆ. ವ್ಯತ್ಯಾಸ ಸಣ್ಣದು ಅನಿಸುತ್ತದೆ, ಅಲ್ವಾ? ಗೋಡೆಗೆ ಬಂದಾಗ ಗೊತ್ತಾಗುತ್ತದೆ. ರಾಯಚೂರು ಕೋಟೆ ಗೋಡೆಯಲ್ಲಿ 1294ರ ಶಾಸನವಿರುವ ಕಲ್ಲೊಂದಿದೆ, ನಲವತ್ತೊಂದು ಅಡಿಗೂ ಉದ್ದ. ಅಂಥ ಕಲ್ಲನ್ನು ಕೋಣ ಕಟ್ಟಿದ ಬಂಡಿಯಲ್ಲಿ ಎಳೆದು ತರುವ ಚಿತ್ರವನ್ನೂ ಅಲ್ಲಿ ಕೊರೆದಿದ್ದಾರೆ. ಆ ಒಂದೇ ಕಲ್ಲು 1/72ರಲ್ಲಿ ಹದಿನೇಳು ಸೆಂಟಿಮೀಟರ್, 1/32ರಲ್ಲಿ ಮೂವತ್ತೊಂಬತ್ತು. ಹಲಗೆಯ ಜಾಗ ಐದು ಪಟ್ಟು ಬೇಕಾಗುತ್ತದೆ. ಬಾಡಿಗೆ ಮನೆಯವರು ಇಲ್ಲೇ ಒಂದು ನಿರ್ಧಾರಕ್ಕೆ ಬಂದುಬಿಡಬಹುದು.

ಇನ್ನು ಯಾವ ದೃಶ್ಯ? ಪೋರ್ಚುಗೀಸ್ ಬರಹಗಾರ ಫೆರ್ನಾವೊ ನ್ಯೂನಿಜ್ ಈ ಕದನವನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಅವನ ಪ್ರಕಾರ ರಾಯನ ಜೊತೆ ಹೊರಟ ಕಾಲಾಳು 7,03,000, ಕುದುರೆ 32,600, ಆನೆ 551. ಲೆಕ್ಕ ಉಬ್ಬಿಸಿರಬಹುದು, ಆದರೂ ಅದರ ನೂರನೇ ಒಂದು ಪಾಲು ಮಾಡುವುದಕ್ಕೂ ನಮ್ಮಪ್ಪನ ಪಿಂಚಣಿ ಸಾಲದು. ಅದೇ ನ್ಯೂನಿಜ್ ಹೇಳುವ ಇನ್ನೊಂದು ದೃಶ್ಯ ನನ್ನನ್ನು ಹಿಡಿದದ್ದು. ಕ್ರಿಸ್ತೊವಾವೊ ದೆ ಫಿಗೆಯ್‌ರೆದೊ ಎಂಬ ಪೋರ್ಚುಗೀಸ ಕುದುರೆ ಮಾರಲು ಬಂದವನು. ಇಪ್ಪತ್ತು ಜನ ಕೋವಿಯವರನ್ನು ಕಟ್ಟಿಕೊಂಡು ಕೋಟೆಯ ಬುಡಕ್ಕೆ ಬರುತ್ತಾನೆ. ರಾಯನ ಕಡೆಯವರು ಹಾರೆ, ಗುದ್ದಲಿ ಹಿಡಿದು ಗೋಡೆಯ ಕಲ್ಲು ಕೀಳುತ್ತಿದ್ದಾರೆ. ಕಿತ್ತ ಕಲ್ಲಿಗೆ ಇಷ್ಟು ಪಣ ಎಂದು ದುಡ್ಡು. ಮೇಲಿಂದ ತಲೆ ಹಾಕಿದವರಿಗೆ ಕೆಳಗಿನಿಂದ ಗುಂಡು. ಊರಿನ ಅಧಿಪತಿಯೇ ಇಣುಕಿ ನೋಡಲು ಹೋಗಿ ಹಣೆಗೆ ಗುಂಡು ತಗುಲಿ ಸಾಯುತ್ತಾನೆ. ಕೋವಿಯವರು, ಕಲ್ಲು ಕೀಳುವವರು, ಮೇಲಿನವರು, ಎಲ್ಲಾ ಸೇರಿ ಅರವತ್ತು ಆಳಿನೊಳಗೆ ಮುಗಿಯುವ ಯುದ್ಧ. ಇಂಥ ದೃಶ್ಯಕ್ಕೆ ಯಾವ ಗೊಂಬೆಯೂ ಆಗುತ್ತದೆ, ಹಾಗಾಗಿ ಹೋಲಿಸಿ ನೋಡಲು ಅನುಕೂಲವಾಯಿತು.

1/72 ಮೆತ್ತನೆಯ ಪ್ಲಾಸ್ಟಿಕ್‌ನಿಂದ ಶುರು ಮಾಡುತ್ತೇನೆ. ಏರ್‌ಫಿಕ್ಸ್‌ನವರು 1959ರಲ್ಲಿ ಹೊರತಂದ ಪುಟ್ಟ ಸೈನಿಕರ ಜಾತಿ ಇದು. ಈಗ ಜ್ವೆಜ್ದಾ, ಹ್ಯಾಟ್, ಇಟಾಲೆರಿ ಡಬ್ಬಿಗಳು ಆನ್‌ಲೈನ್‌ನಲ್ಲಿ ಸಿಗುತ್ತವೆ. ಕಾಲಾಳಿನ ಡಬ್ಬಿಯಲ್ಲಿ ಸಾಮಾನ್ಯವಾಗಿ ನಲವತ್ತರ ಆಚೀಚೆ ಜನ. ತಲೆಗೆ ಬೀಳುವ ಖರ್ಚು ನೋಡಿದರೆ ಇದರಷ್ಟು ಅಗ್ಗ ಬೇರೆ ಇಲ್ಲ. ನಮ್ಮ ಕಾಲಾಳಿಗೆ ಹತ್ತಿರವಾಗುವುದು ಯಾರು ಗೊತ್ತಾ? ಪ್ರಾಚೀನ ಈಜಿಪ್ಟಿನವರು. ಬರಿ ಮೈ, ಸೊಂಟಕ್ಕೆ ಬಟ್ಟೆ, ಕೈಯಲ್ಲಿ ಭರ್ಜಿ. ತಲೆಗೂದಲನ್ನು ಬ್ಲೇಡಿನಿಂದ ಕೆರೆದು, ಎಂ-ಸೀಲ್‌ನ ಚೂರೊಂದನ್ನು ಉದ್ದಕ್ಕೆ ಎಳೆದು ಕೂರಿಸಿದರೆ ಕುಲ್ಲಾಯಿ, ಅಂದರೆ ವಿಜಯನಗರದವರ ಉದ್ದ ಟೊಪ್ಪಿಗೆ, ಸಿದ್ಧ. ಗುರಾಣಿಯನ್ನು ಕಿತ್ತು, ಹಾಳೆ ಪಂಚಿಂಗ್ ಮಷಿನ್ನಿನಿಂದ ಬಿದ್ದ ದುಂಡನೆಯ ರಟ್ಟು ಅಂಟಿಸಿದರೆ ಆಯಿತು.

ಭರ್ಜಿಯೇ ತಲೆನೋವು. ಡಬ್ಬಿಯಲ್ಲಿ ಬರುವಾಗಲೇ ಸೊಟ್ಟಗಿರುತ್ತದೆ. ಬಿಸಿ ನೀರಲ್ಲಿ ಅದ್ದಿ ನೆಟ್ಟಗೆ ಹಿಡಿದು ತಣ್ಣೀರಿಗೆ ಹಾಕಿ ಅಂತ ಎಲ್ಲರೂ ಹೇಳುತ್ತಾರೆ. ನೆಟ್ಟಗಾಗುತ್ತದೆ, ನಿಜ. ನಮ್ಮ ಮೇ ತಿಂಗಳ ಸೆಕೆಗೆ ಮತ್ತೆ ಮೊದಲಿನ ಹಾಗೇ ಬಾಗುತ್ತದೆ. ಕತ್ತರಿಸಿ ಬಿಸಾಕಿ, ಪೊರಕೆಯ ತೆಳು ಕಡ್ಡಿ ಹಾಕುವುದು ಎಷ್ಟೋ ಮೇಲು. ಬಣ್ಣದ ವಿಷಯವೂ ಹಾಗೇ. ಈ ಪ್ಲಾಸ್ಟಿಕ್‌ಗೆ ಬಣ್ಣ ಹಿಡಿಯುವುದಿಲ್ಲ, ಕೈಯಲ್ಲಿ ಸ್ವಲ್ಪ ಬಗ್ಗಿಸಿದರೆ ಸಿಪ್ಪೆ ಎದ್ದು ಬರುತ್ತದೆ. ಪಾತ್ರೆ ಸೋಪಿನಲ್ಲಿ ತೊಳೆದು, ಒಣಗಿಸಿ, ಫೆವಿಕೋಲ್‌ಗೆ ನೀರು ಬೆರೆಸಿ ಒಂದು ಕೈ ಬಳಿದು, ಅದರ ಮೇಲೆ ಅಕ್ರಿಲಿಕ್ ಹಚ್ಚಿದರೆ ನಿಲ್ಲುತ್ತದೆ. ಹೀಗೆ ಮಾಡಿದ ನನ್ನ ಕಾಲಾಳುಗಳು ಕೆಳಗೆ ಬಿದ್ದರೂ ಬಣ್ಣ ಬಿಟ್ಟಿಲ್ಲ. ಮನೆಯಲ್ಲಿ ಮಕ್ಕಳಿದ್ದರೆ ಇದೊಂದು ದೊಡ್ಡ ಗುಣ.

ಆನೆಯಲ್ಲಿ ಮಾತ್ರ 1/72 ಕೈಕೊಟ್ಟಿತು. ನನಗೆ ಸಿಕ್ಕಿದ್ದು ಹ್ಯಾನಿಬಾಲನ ಕಾರ್ಥೇಜಿನ ಆನೆ. ಅದು ಆಫ್ರಿಕಾದ ಜಾತಿ, ಕಿವಿ ಮೊರದಗಲ, ಬೆನ್ನು ನಡುವೆ ತಗ್ಗು. ನಮ್ಮ ಆನೆಗೆ ಕಿವಿ ಸಣ್ಣದು, ಬೆನ್ನು ಉಬ್ಬು. ಕಿವಿ ಕತ್ತರಿಸಬಹುದು, ಬೆನ್ನಿಗೆ ಪುಟ್ಟಿ ಮೆತ್ತಬಹುದು. ಆದರೆ ಹಣೆ? ನಮ್ಮ ಆನೆಯ ಎರಡು ಉಬ್ಬಿನ ಹಣೆಯನ್ನು ಆ ಗಾತ್ರದಲ್ಲಿ ತರುವುದು ನನ್ನ ಕೈಯಲ್ಲಾಗಲಿಲ್ಲ.

ರೆಸಿನ್‌ನದು ಬೇರೆ ಕತೆ. ಕಂಪ್ಯೂಟರ್ ಕಡತ ಕೊಂಡು, ದೊಡ್ಡ ಊರಿನ ಮುದ್ರಣದವರಿಗೆ ಕಳಿಸಿದರೆ ಸೈನಿಕರು ಕೊರಿಯರ್‌ನಲ್ಲಿ ಬರುತ್ತಾರೆ. ಒಂದೇ ಕಡತದಿಂದ 1/72 ಬೇಕೆಂದರೆ ಅದು, 54 ಮಿಲಿಮೀಟರ್ ಬೇಕೆಂದರೆ ಇದು. ಈ ಸೌಲಭ್ಯ ಬೇರೆ ಯಾವುದರಲ್ಲೂ ಇಲ್ಲ. ಹದಿನಾರನೇ ಶತಮಾನದ ಯುರೋಪಿನ ಕೋವಿಯವರ ಕಡತಗಳು ಬೇಕಾದಷ್ಟಿವೆ, ಹಾಗಾಗಿ ಫಿಗೆಯ್‌ರೆದೊನ ಇಪ್ಪತ್ತು ಜನಕ್ಕೆ ರೆಸಿನ್ ಬಿಟ್ಟು ಬೇರೆ ಯೋಚಿಸಬೇಡಿ. ಕೋವಿಯ ಬತ್ತಿ, ಅಂಗಿಯ ಗುಂಡಿ, ಗಡ್ಡದ ಎಳೆ ಎಲ್ಲವೂ ಸ್ಪಷ್ಟ. ಬಣ್ಣವೂ ಚೆನ್ನಾಗಿ ಹಿಡಿಯುತ್ತದೆ.

ಆದರೆ ಮುಟ್ಟಿದರೆ ಮುರಿಯುತ್ತದೆ. ಕೋವಿಯ ನಳಿಗೆ, ಕತ್ತಿಯ ತುದಿ ಮೊದಲು ಹೋಗುತ್ತವೆ. ನನಗೆ ಬಂದ ಒಂದು ಕಂತಿನಲ್ಲಿ ಮೇಲ್ಮೈ ಜಿಗುಟಾಗಿತ್ತು, ಬೆಳಕಿನಲ್ಲಿ ಪೂರ್ತಿ ಗಟ್ಟಿ ಮಾಡದೆ ಕಳಿಸಿದ್ದರು. ಫೋನ್ ಮಾಡಿದರೆ "ಬಿಸಿಲಿಗೆ ಇಡಿ ಸರ್" ಎಂದರು. ಬಿಸಿಲಿಗೇನು ಬರ ನಮ್ಮಲ್ಲಿ! ಗಟ್ಟಿಯಾಯಿತು. ಜಾಸ್ತಿ ಹೊತ್ತು ಇಟ್ಟವು ಹಳದಿಗೆ ತಿರುಗಿ ಇನ್ನೂ ಪೆಳಸಾದವು. ಜಿಗುಟಿರುವ ರೆಸಿನ್ ಚರ್ಮಕ್ಕೆ ಒಳ್ಳೆಯದಲ್ಲ, ಗ್ಲೌಸ್ ಹಾಕದೆ ಮುಟ್ಟಬೇಡಿ. ಆನೆಯ ಬೆಲೆ ಕೇಳಿ ಸುಮ್ಮನಾದೆ. ರೆಸಿನ್‌ನಲ್ಲಿ ಗಾತ್ರ ದುಪ್ಪಟ್ಟಾದರೆ ಬೆಲೆ ದುಪ್ಪಟ್ಟಾಗಿ ನಿಲ್ಲುವುದಿಲ್ಲ, ತುಂಬಾ ಮೇಲೆ ಹೋಗುತ್ತದೆ.

ಲೋಹದ ಸೈನಿಕರ ಬಗ್ಗೆ ಎರಡೇ ಮಾತು. ಇಂಗ್ಲೆಂಡಿನ ಬ್ರಿಟನ್ಸ್‌ನವರು 1893ರಲ್ಲಿ ಟೊಳ್ಳು ಎರಕದ ಸೀಸದ ಸೈನಿಕರನ್ನು ಮಾಡಿ ಈ ಹವ್ಯಾಸವನ್ನೇ ಬೆಳೆಸಿದರು. ಹಳೆಯವು ಕೈಗೆ ಸಿಕ್ಕರೆ ಅಲ್ಮೇರಾದಲ್ಲಿಟ್ಟು ನೋಡುವುದಕ್ಕೆ ಚೆಂದ. ಕೊಯ್ದು ಬದಲಾಯಿಸಲು ಮನಸ್ಸು ಬರುವುದಿಲ್ಲ, ಸೀಸದ ಪುಡಿ ಮನೆಯಲ್ಲಿ ಹಾರುವುದೂ ಬೇಡ.

ಈಗ ಕಿನ್ನಾಳ. ಕೊಪ್ಪಳದಿಂದ ಬೈಕಿನಲ್ಲಿ ಹೋಗಿಬರುವಷ್ಟು ಹತ್ತಿರ. ಅಲ್ಲಿನ ಚಿತ್ರಗಾರರು ಹಗುರ ಮರದ ತುಂಡುಗಳನ್ನು ಕೆತ್ತಿ ಜೋಡಿಸುತ್ತಾರೆ. ಸಂದು ತುಂಬುವುದು ಕಿಟ್ಟದಿಂದ: ಸೆಣಬಿನ ಚಿಂದಿಯನ್ನು ನೆನೆಸಿ, ಒಣಗಿಸಿ, ಪುಡಿ ಮಾಡಿ, ಮರದ ಹೊಟ್ಟಿನ ಜೊತೆ ಹುಣಸೆ ಬೀಜದ ಅಂಟಿನಲ್ಲಿ ಕಲಸಿದ್ದು. ಒಡವೆಯ ಉಬ್ಬು ಗೆರೆಗಳಿಗೆ ಬೆಣಚುಕಲ್ಲಿನ ಪುಡಿ ಮತ್ತು ಅಂಟು. ನಮ್ಮ ದುಬಾರಿ ವಿದೇಶಿ ಪುಟ್ಟಿ ಮಾಡುವ ಕೆಲಸವನ್ನೇ ಇವರು ಮೊದಲಿಂದ ಮಾಡಿಕೊಂಡು ಬಂದಿದ್ದಾರೆ.

ನಾನು 54 ಮಿಲಿಮೀಟರ್ ಗಾತ್ರದ ಕಾಲಾಳು ಬೇಕೆಂದೆ. ಚಿತ್ರಗಾರರು ನನ್ನ ಸ್ಕೇಲ್ ಪಟ್ಟಿಯನ್ನೂ ನನ್ನನ್ನೂ ನೋಡಿದರು.

"ಇಷ್ಟ ಸಣ್ಣದ ಮಾಡಿದ್ರ ಮೀಸಿ ಎಲ್ಲಿ ಬರೀಲ್ರಿ ಸರ?"

"ಮೀಸಿ ಬ್ಯಾಡ್ರಿ, ಹಂಗ ಮಾಡ್ರಿ."

"ಮೀಸಿ ಇಲ್ಲದ ಸಿಪಾಯಿ ಏನ್ ಸಿಪಾಯಿರಿ?"

ಅವರು ಹೇಳಿದ್ದು ಸರಿಯೇ ಆಯಿತು. ಮಾಡಿಕೊಟ್ಟ ಕಾಲಾಳು ಚೆಂದವೇನೋ ಹೌದು, ಆದರೆ ದಪ್ಪ ಕಾಲು, ದೊಡ್ಡ ತಲೆ, ಅರಳಿದ ಕಣ್ಣು. ರೆಸಿನ್ ಕೋವಿಯವನ ಪಕ್ಕ ನಿಲ್ಲಿಸಿದರೆ ಬೇರೆ ಲೋಕದಿಂದ ಬಂದವನಂತೆ ಕಾಣುತ್ತಾನೆ. ಕಾಲಾಳಿಗೆ ಕಿನ್ನಾಳ ಬೇಡ, ನೂರಕ್ಕೆ ನೂರು.

ಆದರೆ ಆನೆ! ಒಂಬತ್ತು ಅಡಿ ಎತ್ತರದ ಗಂಡಾನೆ 1/32ರಲ್ಲಿ ಎಂಟೂವರೆ ಸೆಂಟಿಮೀಟರ್ ಆಗುತ್ತದೆ. ಅವರ ಕೈಗೆ ಪಳಗಿದ ಗಾತ್ರವೇ ಅದು. ಹಣೆಯ ಎರಡು ಉಬ್ಬು, ಸಣ್ಣ ಕಿವಿ, ಬೆನ್ನಿನ ಏರು, ಯಾವುದನ್ನೂ ನಾನು ಹೇಳಿಕೊಡಬೇಕಾಗಲಿಲ್ಲ. ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ವಿಜಯನಗರದ ಆನೆಗಳನ್ನು ನೋಡಿ ಬರೆದಿದ್ದಾನೆ: ಮೈಮೇಲೆ ಮಖಮಲ್ಲಿನ ಜೂಲು, ಗಂಟೆಗಳು, ತಲೆಯ ಮೇಲೆ ರಾಕ್ಷಸರ ಮತ್ತು ದೊಡ್ಡ ಮೃಗಗಳ ಮುಖ ಬರೆದಿರುತ್ತಿತ್ತಂತೆ. ದಂತಕ್ಕೆ ಹರಿತವಾದ ಚೂರಿ ಕಟ್ಟುತ್ತಿದ್ದರು ಎನ್ನುತ್ತಾನೆ ನ್ಯೂನಿಜ್. ಇದನ್ನು ಓದಿ ಹೇಳಿದೆ. ಚಿತ್ರಗಾರರು ಹೆಚ್ಚು ಮಾತಾಡಲಿಲ್ಲ. ಆನೆಯ ಹಣೆಯ ಮೇಲೆ ಕೋರೆಹಲ್ಲಿನ, ಗುಡ್ಡೆಗಣ್ಣಿನ ರಾಕ್ಷಸನ ಮುಖ ಬಿಡಿಸಿಕೊಟ್ಟರು. ಕೆಂಪಿನ ಮೇಲೆ ಹಳದಿ, ಅಂಚಿಗೆ ಕಪ್ಪು ಗೆರೆ, ಕೂದಲೆಳೆಯಷ್ಟು ಸಣ್ಣದು. ಯಾವ ಯಂತ್ರದಲ್ಲಿ ಮುದ್ರಿಸಿದ ಆನೆಗೂ ಈ ಕಳೆ ಇಲ್ಲ. ಹಬ್ಬದ ಮುಂದೆ ಮಾತ್ರ ಹೋಗಿ ಪೀಡಿಸಬೇಡಿ, ಅವರಿಗೆ ಪುರುಸೊತ್ತಿರುವುದಿಲ್ಲ. ಇನ್ನೊಂದು ಎಚ್ಚರಿಕೆ: ಮರ, ಹುಣಸೆ ಅಂಟು ಎರಡೂ ಹುಳಕ್ಕೆ ಇಷ್ಟ. ಹಲಗೆಯನ್ನು ಗೋಡೆಗೆ ತಾಗಿಸಿ ಇಡಬೇಡಿ, ಗೆದ್ದಲು ಬಂದರೆ ದಂಡಿಗೆ ದಂಡೇ ಮಾಯ.

ನೆಲಕ್ಕೂ ಎರಡು ದಾರಿ ನೋಡಿದೆ. ರಾಯಚೂರಿನ ಎರೆಮಣ್ಣನ್ನೇ ತಂದು ಹಾಕಿದರೆ ನಿಜವಾಗಿ ಕಾಣುತ್ತದೆ ಅಂದುಕೊಳ್ಳುತ್ತೇವೆ. ಒಣಗಿದ ಮೇಲೆ ಅದು ಬಿರುಕು ಬಿಡುತ್ತದೆ, ಮತ್ತು ಬಿರುಕು ಮಾತ್ರ ಸಣ್ಣ ಗಾತ್ರಕ್ಕೆ ಇಳಿಯುವುದಿಲ್ಲ. 1/72 ಕಾಲಾಳು ಅದರೊಳಗೆ ಸೊಂಟದವರೆಗೆ ಹೋಗುತ್ತಾನೆ. ಕ್ರಷರ್‌ನ ಕಲ್ಲುಪುಡಿಯನ್ನು ಹಿಟ್ಟಿನ ಜರಡಿಯಲ್ಲಿ ಹಿಡಿದು, ಫೆವಿಕೋಲ್ ಬಳಿದ ಮೇಲೆ ಉದುರಿಸಿ, ಎರೆಮಣ್ಣನ್ನು ಬರಿ ಬಣ್ಣಕ್ಕೆಂದು ನೀರಲ್ಲಿ ಕದಡಿ ಹಚ್ಚುವುದು ಸರಿಯಾದ ದಾರಿ. ಗೋಡೆಗೆ ಥರ್ಮಾಕೋಲ್ ಸಾಕು, ಆದರೆ ಸ್ಪ್ರೇ ಪೇಂಟ್ ತಾಗಿಸಬೇಡಿ, ಕರಗಿ ತೂತಾಗುತ್ತದೆ. ಕೋವಿಯ ಹೊಗೆಗೆ ಹತ್ತಿ.

ಕೊನೆಗೆ ನನ್ನ ಹಲಗೆಯ ಮೇಲೆ ನಿಂತಿರುವುದು ಬೆರಕೆ ದಂಡು, 54 ಮಿಲಿಮೀಟರ್ ಗಾತ್ರದಲ್ಲಿ. ಪೋರ್ಚುಗೀಸರು ರೆಸಿನ್, ಆನೆ ಕಿನ್ನಾಳದ್ದು, ಕಲ್ಲು ಕೀಳುವವರು ದೊಡ್ಡ ಗಾತ್ರದ ಮೆತ್ತನೆಯ ಪ್ಲಾಸ್ಟಿಕ್‌ನವರು, ಎಂ-ಸೀಲ್ ಕುಲ್ಲಾಯಿ ಸಮೇತ. ಆನೆಯನ್ನು ಹಿಂದಕ್ಕೆ, ಒಂದು ಬಂಡೆಯ ಪಕ್ಕ ನಿಲ್ಲಿಸಿದ್ದರಿಂದ ಅದರ ಶೈಲಿ ಬೇರೆ ಎಂಬುದು ಕಣ್ಣಿಗೆ ಹೊಡೆಯುವುದಿಲ್ಲ. ಕೃಷ್ಣಾ ತೀರದ ಬಯಲು ಕದನವನ್ನೇ ಮಾಡಬೇಕೆನ್ನುವವರು ಮಾತ್ರ 1/72 ಹಿಡಿಯಲಿ, ಆನೆಗಳನ್ನು ಧೂಳಿನೊಳಗೆ ಅರ್ಧ ಮುಚ್ಚಿಬಿಡಲಿ.

ಹೊಸದಾಗಿ ಶುರು ಮಾಡುವವರು ಡಬ್ಬಿ ತರಿಸುವ ಮುಂಚೆ ಹಂಪಿಗೆ ಹೋಗಿ ಹಜಾರರಾಮ ದೇವಸ್ಥಾನದ ಪ್ರಾಕಾರದ ಹೊರಗೋಡೆಯ ಫೋಟೊ ತೆಗೆದುಕೊಂಡು ಬನ್ನಿ. ಕುದುರೆ, ಆನೆ, ಕಾಲಾಳು ಸಾಲಾಗಿ ಹೋಗುತ್ತಿರುವುದನ್ನು ಅಲ್ಲಿ ಕೆತ್ತಿದ್ದಾರೆ. ಕತ್ತಿ ಹೇಗೆ ಹಿಡಿಯುತ್ತಿದ್ದರು, ಬಟ್ಟೆ ಎಲ್ಲಿ ಬಿಗಿಯುತ್ತಿದ್ದರು ಎಲ್ಲಾ ಗೊತ್ತಾಗುತ್ತದೆ. ಬೆಳಗ್ಗೆ ಬೇಗ ಹೋಗಿ, ಓರೆ ಬಿಸಿಲು ಬಿದ್ದಾಗ ಗೆರೆಗಳು ಚೆನ್ನಾಗಿ ಮೂಡುತ್ತವೆ.